ಮನೆಯ ಮೂರು ಜೆಂಟೂ ಯಂತ್ರಗಳಿಗೆ ಒಂದೇ ಕಡೆ ಕಂಪೈಲ್: ಬಿನ್‌ಹೋಸ್ಟ್ ಕಟ್ಟಿದ ದಾಖಲೆ

ಜೆಂಟೂ ಲಿನಕ್ಸ್ ಹಾಕಿಕೊಂಡವರ ಪಾಡು ಗೊತ್ತಿರುವಂಥದ್ದೇ. ಬ್ರೌಸರಿನಿಂದ ಹಿಡಿದು ಸಣ್ಣ ಲೈಬ್ರರಿಯವರೆಗೆ ಎಲ್ಲವೂ ಸಾಮಾನ್ಯವಾಗಿ ಮೂಲ ಕೋಡಿನಿಂದ ನಮ್ಮ ಯಂತ್ರದಲ್ಲೇ ಕಂಪೈಲ್ ಆಗಬೇಕು. ಒಂದೇ ಯಂತ್ರ ಇದ್ದರೆ ಅದು ಹವ್ಯಾಸ. ಮೂರಿದ್ದರೆ, ಅದರಲ್ಲೂ ಎರಡು ಮುದಿ ಲ್ಯಾಪ್‌ಟಾಪ್‌ಗಳಾದರೆ, ರಾತ್ರಿಯಿಡೀ ಫ್ಯಾನ್ ಕಿರುಚುವುದನ್ನು ಕೇಳಿಕೊಂಡು ಮಲಗಬೇಕಾಗುತ್ತದೆ. ಹಾಗಾಗಿ ಶಕ್ತಿ ಇರುವ ಯಂತ್ರದಲ್ಲಿ ಒಮ್ಮೆ ಕಂಪೈಲ್ ಮಾಡಿ, ಸಿದ್ಧವಾದ ಪ್ಯಾಕೇಜನ್ನು ಉಳಿದ ಎರಡಕ್ಕೂ ಬಡಿಸುವ ವ್ಯವಸ್ಥೆ ಮಾಡಿಕೊಂಡೆ. ಇದಕ್ಕೆ ಬಿನ್‌ಹೋಸ್ಟ್ ಅನ್ನುತ್ತಾರೆ. ಕಟ್ಟುವುದು ಸುಲಭ, ಅರ್ಧ ಗಂಟೆಯ ಕೆಲಸ. ಅದು ಕೊಡುವ ಪ್ಯಾಕೇಜ್ ಎಲ್ಲ ಯಂತ್ರಗಳಿಗೂ ಒಗ್ಗುವಂತೆ ಮಾಡುವುದರಲ್ಲಿ ಇದೆ ನಿಜವಾದ ಒದ್ದಾಟ. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದ್ದು ಆ ಒದ್ದಾಟವೇ.

ಯಂತ್ರಗಳು ಇವು:

ಭೀಮ: ಮೇಜಿನ ಕಂಪ್ಯೂಟರ್. ರೈಜೆನ್ 5 5600, 6 ಕೋರ್, 12 ಥ್ರೆಡ್, 32 ಜಿಬಿ ರ‍್ಯಾಮ್. ವಿರಾಟನ ಮನೆಯಲ್ಲಿ ಅಡುಗೆಗೆ ನಿಂತವನ ಹೆಸರನ್ನೇ ಇಟ್ಟಿದ್ದು, ಎಲ್ಲರಿಗೂ ಬೇಯಿಸಿ ಹಾಕುವವನು ಇವನೇ ಆದ್ದರಿಂದ.

ನಕುಲ: ಥಿಂಕ್‌ಪ್ಯಾಡ್ ಎಕ್ಸ್220, 2011ರ ಮಾಡೆಲ್. ಐ5-2520ಎಂ, 2 ಕೋರ್, 8 ಜಿಬಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಬಂದದ್ದು. ಕೀಬೋರ್ಡ್ ಇಷ್ಟವಾಗಿದ್ದಕ್ಕೇ ಇನ್ನೂ ಇಟ್ಟುಕೊಂಡಿದ್ದೇನೆ.

ಸಹದೇವ: ಸೆಲೆರಾನ್ ಎನ್4000, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಬೋರ್ಡಿಗೇ ಬೆಸೆದ ನಿಧಾನದ ಸಂಗ್ರಹ). ಅಕ್ಕನ ಮಗಳದ್ದು, ಕಾಲೇಜಿಗೆ ಒಯ್ಯುತ್ತಾಳೆ. ಇದರಲ್ಲಿ ಕ್ಯೂಟಿ ವೆಬ್‌ಎಂಜಿನ್ ಎಂಬ ಭಾರಿ ಬ್ರೌಸರ್ ಲೈಬ್ರರಿ ಕಂಪೈಲ್ ಮಾಡಲು ಹೊರಟರೆ ಒಂದು ಹಗಲು ಒಂದು ರಾತ್ರಿ ಕಳೆದು, ಕೊನೆಗೆ ಮೆಮೊರಿ ಸಾಲದೆ ಸಾಯುತ್ತದೆ. ಭೀಮನಲ್ಲಿ ಅದೇ ಕೆಲಸ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.

ಜೆಂಟೂದವರೇ ಸಿದ್ಧ ಪ್ಯಾಕೇಜ್ ಕೊಡುತ್ತಾರಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಹೌದು, 2023ರ ಡಿಸೆಂಬರ್ 29ರಂದು ಅವರು ಅಧಿಕೃತವಾಗಿ ಬೈನರಿ ಪ್ಯಾಕೇಜುಗಳನ್ನು ಪ್ರಕಟಿಸಲು ಶುರು ಮಾಡಿದರು. ಎಎಂಡಿ64 ಮತ್ತು ಎಆರ್‌ಎಂ64 ಯಂತ್ರಗಳಿಗೆ 20 ಜಿಬಿಗೂ ಹೆಚ್ಚು ಸರಕು. ಲಿಬ್ರೆಆಫೀಸ್, ಕೆಡಿಇ, ಗ್ನೋಮ್ ಎಲ್ಲ ಅದರಲ್ಲಿದೆ. ನಿಮ್ಮ ಯೂಸ್ ಫ್ಲ್ಯಾಗುಗಳು (ಪ್ಯಾಕೇಜಿನಲ್ಲಿ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂಬ ಆಯ್ಕೆಗಳು) ಪ್ರೊಫೈಲಿನಲ್ಲಿ, ಅಂದರೆ ಜೆಂಟೂ ಕೊಡುವ ಸಿದ್ಧ ಸೆಟ್ಟಿಂಗಿನಲ್ಲಿ, ಬಂದ ಹಾಗೇ ಇದ್ದರೆ ಇದನ್ನು ಓದುವುದನ್ನು ಇಲ್ಲಿಗೇ ಬಿಟ್ಟು ಅದನ್ನೇ ಬಳಸಿ, ಸುಖವಾಗಿರುತ್ತೀರಿ. ನನ್ನ ಫ್ಲ್ಯಾಗುಗಳು ಅಲ್ಲಲ್ಲಿ ಬೇರೆ. ಒಂದು ಫ್ಲ್ಯಾಗ್ ಬೇರೆಯಾದರೂ ಅವರ ಆ ಪ್ಯಾಕೇಜ್ ನಮಗೆ ಹೊಂದುವುದಿಲ್ಲ, ಮತ್ತೆ ಕಂಪೈಲ್. ಆದರೂ ಅವರ ಸರ್ವರ್ ಒಂದು ಕಡೆ ನನ್ನ ಜೀವ ಉಳಿಸಿತು, ಆ ಕಥೆ ಮುಂದಿದೆ.

ಹಂತ 1: ಭೀಮ ಬೇಯಿಸಿದ್ದನ್ನೇ ನಕುಲನಿಗೆ ಬಡಿಸಿದ್ದು

ಮೊದಲ ಪ್ರಯತ್ನದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಭೀಮನ ಮೇಕ್‌ಕಾನ್ಫ್ ಎಂಬ ಸೆಟ್ಟಿಂಗ್ ಕಡತದಲ್ಲಿ ಫೀಚರ್ಸ್ ಸಾಲಿಗೆ ಬಿಲ್ಡ್‌ಪಿಕೆಜಿ ಎಂಬ ಒಂದು ಪದ ಸೇರಿಸಿದರೆ ಸಾಕು. ಅಲ್ಲಿಂದ ಮುಂದೆ ಕಂಪೈಲ್ ಆಗುವ ಪ್ರತಿ ಪ್ಯಾಕೇಜಿನ ಪ್ರತಿಯೂ ವಾರ್ ಫೋಲ್ಡರಿನೊಳಗಿನ ಕ್ಯಾಶ್‌ನಲ್ಲಿ, ಬಿನ್‌ಪಿಕೆಜಿಎಸ್ ಎಂಬಲ್ಲಿ ಬಂದು ಕೂರುತ್ತದೆ. ಆ ಫೋಲ್ಡರಿನಲ್ಲಿ ಪೈಥಾನಿನ ಸಣ್ಣ ಎಚ್‌ಟಿಟಿಪಿ ಸರ್ವರ್ ಓಡಿಸಿ, ನಕುಲನ ಬಿನ್‌ರೆಪೋಸ್ ಕಡತದಲ್ಲಿ ಭೀಮನ ವಿಳಾಸ ಬರೆದು, ಪ್ಯಾಕೇಜ್ ಹಾಕುವ ಕಮಾಂಡ್ ಎಮರ್ಜ್‌ಗೆ ಸಣ್ಣ ಜಿ ಆಯ್ಕೆ ಕೊಟ್ಟೆ. ಸಣ್ಣ ಜಿ ಅಂದರೆ ಸಿದ್ಧ ಪ್ಯಾಕೇಜ್ ಸಿಕ್ಕಿದರೆ ತಾ, ಇಲ್ಲದಿದ್ದರೆ ಕಂಪೈಲ್ ಮಾಡು. ದೊಡ್ಡ ಜಿ ಅಂದರೆ ಸಿದ್ಧವಾದದ್ದು ಮಾತ್ರ ಬೇಕು, ಕಂಪೈಲ್ ಮಾಡಲೇಬೇಡ. ಈ ಎರಡರ ಅಂತರ ಹಂತ 3ರಲ್ಲಿ ಬೇಕಾಗುತ್ತದೆ.

ಪ್ರಯೋಗಕ್ಕೆ ಟ್ರೀ, ಎಚ್‌ಟಾಪ್‌ನಂಥ ಚಿಕ್ಕಪುಟ್ಟವನ್ನು ಹಾಕಿದೆ. ಎರಡೂ ಓಡಿದವು. ಅದೇ ಧೈರ್ಯದಲ್ಲಿ ಪೂರ್ತಿ ಅಪ್‌ಡೇಟ್ ಕೊಟ್ಟೆ. ಪೈಥಾನ್ 3.12 ಇನ್‌ಸ್ಟಾಲ್ ಆಯಿತು, ಅದರ ಮುಂದಿನ ಪ್ಯಾಕೇಜಿಗೆ ಬಂದು ನಿಂತಿತು. ಪರದೆಯ ಮೇಲೆ ಎರಡೇ ಪದ: ಇಲ್ಲೀಗಲ್ ಇನ್‌ಸ್ಟ್ರಕ್ಷನ್. ಮತ್ತೆ ಎಮರ್ಜ್ ಓಡಿಸಿದರೂ ಅದೇ. ಕಾರಣ, ಎಮರ್ಜ್‌ನ ಹಿಂದಿರುವ ಪ್ಯಾಕೇಜ್ ವ್ಯವಸ್ಥೆ ಪೋರ್ಟೇಜ್ ಬರೆದಿರುವುದೇ ಪೈಥಾನಿನಲ್ಲಿ. ಪೈಥಾನ್ ಸತ್ತರೆ ಪ್ಯಾಕೇಜ್ ಹಾಕುವ ಕೈಯೇ ಹೋದಂತೆ. ಮೊದಲ ಸಲ ಅಷ್ಟು ದೂರ ಸಾಗಿದ್ದೂ ಓಡುತ್ತಿದ್ದ ಎಮರ್ಜ್‌ನ ಮೆಮೊರಿಯಲ್ಲಿ ಹಳೆಯ ಪೈಥಾನ್ ಉಳಿದಿದ್ದರಿಂದ. ಹೊಸದಾಗಿ ಒಂದು ಪ್ರೊಸೆಸ್ ಹುಟ್ಟಿದ ಕೂಡಲೇ ಬಿತ್ತು.

ಕರ್ನಲ್ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ತೆಗೆದು ನೋಡಿದರೆ ಲಿಬ್‌ಪೈಥಾನ್ ಒಳಗೆ ಇನ್‌ವ್ಯಾಲಿಡ್ ಆಪ್‌ಕೋಡ್ ಎಂಬ ಸಾಲು. ಡೀಬಗ್ಗರ್ ಜಿಡಿಬಿಯಲ್ಲಿ ಅದೇ ಜಾಗ ತೆರೆದಾಗ ಬಾಣದ ಗುರುತು ಎಸ್‌ಎಚ್‌ಎಲ್‌ಎಕ್ಸ್ ಎಂಬ ಸೂಚನೆಯ ಎದುರು ನಿಂತಿತ್ತು. ಅದು ಬಿಎಂಐ2 ಗುಂಪಿನ ಸೂಚನೆ. ಇಂಟೆಲ್‌ನವರ ಪ್ರೊಸೆಸರುಗಳಿಗೆ ಅದು ಬಂದದ್ದು 2013ರ ಹ್ಯಾಸ್‌ವೆಲ್‌ನಲ್ಲಿ. ನಕುಲನದ್ದು ಅದಕ್ಕಿಂತ ಎರಡು ತಲೆಮಾರು ಹಿಂದಿನ ಸ್ಯಾಂಡಿಬ್ರಿಜ್. ಭೀಮನ ಸಿಫ್ಲ್ಯಾಗ್ಸ್‌ನಲ್ಲಿ (ಕಂಪೈಲರಿಗೆ ಕೊಡುವ ಆಯ್ಕೆಗಳ ಸಾಲು) ಮಾರ್ಚ್ ನೇಟಿವ್ ಎಂದಿತ್ತು, ಅಂದರೆ ಈ ಯಂತ್ರದ ಪ್ರೊಸೆಸರಿಗೆ ಏನೇನು ಗೊತ್ತೋ ಎಲ್ಲವನ್ನೂ ಬಳಸು ಎಂದು ಕಂಪೈಲರಿಗೆ ಹೇಳಿದ್ದು. ಅದು ಹೇಳಿದಷ್ಟೂ ಮಾಡಿತ್ತು.

ಸಣ್ಣ ಪ್ರೋಗ್ರಾಂ ಓಡಿತು ಎಂದು ನಂಬಬೇಡಿ. ಹೊಸ ಸೂಚನೆ ಇರುವ ಸಾಲಿಗೆ ಬಂದು ಮುಟ್ಟುವವರೆಗೆ ಎಲ್ಲವೂ ಓಡುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಸಿದ್ಧ ಪ್ಯಾಕೇಜ್ ಆರಿಸುವಾಗ ಪೋರ್ಟೇಜ್ ಯೂಸ್ ಫ್ಲ್ಯಾಗ್ ಹೋಲಿಸುತ್ತದೆ, ಸಿಫ್ಲ್ಯಾಗ್ಸ್ ಹೋಲಿಸುವುದಿಲ್ಲ. ಪ್ಯಾಕೇಜಿನೊಳಗೆ ಸಿಫ್ಲ್ಯಾಗ್ಸ್ ಬರೆದಿಟ್ಟಿರುತ್ತದೆ, ಆದರೆ ನಿಮ್ಮ ಪ್ರೊಸೆಸರಿಗೆ ಅದು ಆಗಿಬರುತ್ತದೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ.

ದುರಸ್ತಿ ಹೀಗಾಯಿತು. ಜೆಂಟೂದ ಅಧಿಕೃತ ಪ್ಯಾಕೇಜುಗಳಲ್ಲಿ ಒಂದು ಗುಂಪು ಸಾಮಾನ್ಯ ಎಕ್ಸ್86-64ಕ್ಕೆ ಕಂಪೈಲ್ ಆದದ್ದು, ಯಾವ 64 ಬಿಟ್ ಇಂಟೆಲ್, ಎಎಂಡಿ ಯಂತ್ರದಲ್ಲೂ ಓಡುತ್ತದೆ. ಡೌನ್‌ಲೋಡ್ ಮಾಡುವ ವಿಗೆಟ್ ಪೈಥಾನನ್ನು ನೆಚ್ಚಿಕೊಂಡಿಲ್ಲ, ಹಾಗಾಗಿ ನಕುಲನಲ್ಲೇ ಅವರ ಸರ್ವರಿನಿಂದ ಅದೇ ಪೈಥಾನ್ 3.12ರ ಜಿಪಿಕೆಜಿ ಕಡತ ಇಳಿಸಿದೆ. ಜಿಪಿಕೆಜಿ ಅಂದರೆ ಟಾರ್ (ಕಡತಗಳ ಮೂಟೆ) ಒಳಗೊಂದು ಟಾರ್. ಹೊರಗಿನದ್ದನ್ನು ಬಿಚ್ಚಿದರೆ ಮೆಟಾಡೇಟಾ, ಮ್ಯಾನಿಫೆಸ್ಟ್, ಇಮೇಜ್ ಎಂಬ ಕಡತಗಳು ಸಿಗುತ್ತವೆ. ನಮಗೆ ಬೇಕಾದದ್ದು ಇಮೇಜ್. ಅದರೊಳಗಿನ ಎಲ್ಲ ಹಾದಿಗಳೂ ಇಮೇಜ್ ಎಂಬ ಫೋಲ್ಡರಿನಿಂದ ಶುರುವಾಗುತ್ತವೆ, ಆದ್ದರಿಂದ ಟಾರ್‌ಗೆ ಒಂದು ಮೆಟ್ಟಿಲು ಕಳಚುವ ಆಯ್ಕೆ ಮತ್ತು ಅನುಮತಿಗಳನ್ನು ಉಳಿಸುವ ಸಣ್ಣ ಪಿ ಆಯ್ಕೆ ಕೊಟ್ಟು ನೇರ ರೂಟ್ ಮೇಲೆ ಬಿಚ್ಚಿದೆ. ಒಂದು ಮೆಟ್ಟಿಲು ಕಳಚದಿದ್ದರೆ ರೂಟಿನಲ್ಲಿ ಇಮೇಜ್ ಎಂಬ ಹೊಸ ಫೋಲ್ಡರ್ ಆಗುತ್ತದೆ ಅಷ್ಟೇ, ಪೈಥಾನ್ ಸತ್ತೇ ಇರುತ್ತದೆ. ಇಮೇಜ್ ಕಡತ ಜೆಡ್‌ಸ್ಟಾಂಡರ್ಡ್‌ನಲ್ಲಿ ಕುಗ್ಗಿಸಿದ್ದು. ಬಿಚ್ಚಲು ಬೇಕಾದ ಜೆಡ್‌ಎಸ್‌ಟಿಡಿ ಅಪ್‌ಡೇಟ್ ಪಟ್ಟಿಯಲ್ಲಿ ಪೈಥಾನಿನ ನಂತರ ಇದ್ದುದರಿಂದ ಉಳಿದುಕೊಂಡಿತ್ತು. ಪಟ್ಟಿಯಲ್ಲಿ ಎಲ್ಲ ಪ್ರೋಗ್ರಾಂಗಳಿಗೂ ಬೇಕಾದ ಮೂಲ ಲೈಬ್ರರಿ ಜಿಲಿಬ್‌ಸಿ ಮೊದಲು ಬಂದಿದ್ದರೆ ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಸಹ ಓಡುತ್ತಿರಲಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹೊರಗಿನಿಂದ ಬಿಚ್ಚಿ ಹಾಕಬೇಕಿತ್ತು. ಆಗ ಕ್ರೂಟ್ (ಬೇರೊಂದು ಸಿಸ್ಟಮಿನ ಫೋಲ್ಡರಿನೊಳಗೆ ಹೊಕ್ಕು ಕೆಲಸ ಮಾಡುವ ಕಮಾಂಡ್) ಸಹ ಕೈಕೊಡುತ್ತದೆ, ಯಾಕೆಂದರೆ ಒಳಗಿನ ಶೆಲ್ಲೇ ಓಡುವುದಿಲ್ಲ.

ಎಮರ್ಜ್ ಎದ್ದ ಮೇಲೆ, ಎಮರ್ಜ್ ಲಾಗ್ ನೋಡಿ ಭೀಮನಿಂದ ಬಂದ ಪ್ರತಿಯೊಂದನ್ನೂ ಮರಳಿ ಹಾಕಿದೆ. ಪೈಥಾನನ್ನೂ ಸೇರಿಸಿ. ಟಾರ್ ಬಿಚ್ಚಿ ಹಾಕಿದ್ದು ಪೋರ್ಟೇಜಿನ ಲೆಕ್ಕದಲ್ಲಿ ಇರುವುದಿಲ್ಲ.

ಹಂತ 2: ಮೂರಕ್ಕೂ ಒಗ್ಗುವ ಪ್ರೊಸೆಸರ್ ಮಟ್ಟ ಹುಡುಕಿದ್ದು

ಇಲ್ಲಿ ಒಂದು ಅಚ್ಚರಿ ಕಾದಿತ್ತು. ಎಲ್ಲಕ್ಕಿಂತ ಹಳೆಯ ಯಂತ್ರ ನಕುಲ, ಆದ್ದರಿಂದ ನಕುಲನ ಪ್ರೊಸೆಸರಿಗೆ ತಕ್ಕಂತೆ ಕಂಪೈಲ್ ಮಾಡಿದರೆ ಮೂರರಲ್ಲೂ ಓಡುತ್ತದೆ ಎಂದು ಯಾರಿಗಾದರೂ ತೋಚುತ್ತದೆ. ಸಿಪಿಯುಐಡಿ2ಸಿಪಿಯುಫ್ಲ್ಯಾಗ್ಸ್ ಎಂಬ ಪುಟ್ಟ ಸಾಧನವಿದೆ, ಪ್ರೊಸೆಸರಿಗೆ ಗೊತ್ತಿರುವುದನ್ನೆಲ್ಲ ಒಂದು ಸಾಲಿನಲ್ಲಿ ಬರೆಯುತ್ತದೆ. ಎರಡರಲ್ಲೂ ಓಡಿಸಿ ಪಕ್ಕಪಕ್ಕ ಇಟ್ಟೆ. ನಕುಲನಲ್ಲಿ ಎವಿಎಕ್ಸ್ ಎಂಬ ಸೂಚನೆಗಳ ಗುಂಪು ಇದೆ. 2017ರ ಕೊನೆಯಲ್ಲಿ ಬಿಡುಗಡೆಯಾದ ಸೆಲೆರಾನ್ ಎನ್4000ದಲ್ಲಿ ಎವಿಎಕ್ಸ್ ಇಲ್ಲವೇ ಇಲ್ಲ! ಬದಲಿಗೆ ಅದರಲ್ಲಿ ನಕುಲನಿಗೆ ಇಲ್ಲದ ಎಸ್‌ಎಚ್‌ಎ ಮತ್ತು ಆರ್‌ಡಿರ‍್ಯಾಂಡ್ ಇವೆ. ಅಗ್ಗದ ಪ್ರೊಸೆಸರುಗಳ ವಂಶವೇ ಬೇರೆ, ದೊಡ್ಡ ಕೋರ್‌ಗಳ ಆಸ್ತಿ ಅವುಗಳಿಗೆ ಬರುವುದಿಲ್ಲ. ನಕುಲನಿಗೆ ಹೊಂದಿಸಿ ಕಂಪೈಲ್ ಮಾಡಿದ್ದರೆ ಹಂತ 1ರ ಪ್ರಸಂಗವೇ ಸಹದೇವನಲ್ಲಿ ಮರುಕಳಿಸುತ್ತಿತ್ತು, ಅದೂ ಪರೀಕ್ಷೆ ಹೊತ್ತಿನಲ್ಲಿ ಹುಡುಗಿಯ ಕೈಯಲ್ಲಿ.

ಮೂರಕ್ಕೂ ಸಾಮಾನ್ಯವಾದದ್ದು ಎಂದರೆ ಎಸ್‌ಎಸ್‌ಇ 4.2 ತನಕದ್ದು, ಪಾಪ್‌ಕೌಂಟ್, ಎಇಎಸ್, ಪಿಸಿಎಲ್‌ಮುಲ್. ಇದರಲ್ಲಿ ಎಇಎಸ್, ಪಿಸಿಎಲ್‌ಮುಲ್ ಬಿಟ್ಟು ಉಳಿದದ್ದಕ್ಕೆ ಜಿಸಿಸಿ ಕಂಪೈಲರಿನ 11ನೇ ಆವೃತ್ತಿಯಿಂದ ಈಚೆಗೆ ಸಿದ್ಧ ಹೆಸರೇ ಇದೆ, ಎಕ್ಸ್86-64-ವಿ2. ಎವಿಎಕ್ಸ್2, ಬಿಎಂಐ, ಎಫ್‌ಎಂಎ ಎಲ್ಲ ವಿ3ಕ್ಕೆ ಸೇರಿದವು, ಅದನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಸಿಫ್ಲ್ಯಾಗ್ಸ್‌ನಲ್ಲಿ ಮಾರ್ಚ್‌ಗೆ ಎಕ್ಸ್86-64-ವಿ2, ಓ2, ಪೈಪ್ ಇಷ್ಟೇ ಬರೆದೆ. ಸಿಪಿಯು ಫ್ಲ್ಯಾಗ್ಸ್ ಎಕ್ಸ್86 ಎಂಬ ಇನ್ನೊಂದು ಸಾಲಿದೆ. ಅದರಲ್ಲಿ ಮೇಲಿನ ಸಾಮಾನ್ಯ ಪಟ್ಟಿಯನ್ನು ಮಾತ್ರ ಇಟ್ಟು, ಮೂರೂ ಕಡೆ ಅಕ್ಷರಶಃ ಒಂದೇ ಸಾಲು ಹಾಕಿದೆ. ಇದು ಯೂಸ್ ಫ್ಲ್ಯಾಗಿನ ಜಾತಿ, ಪೋರ್ಟೇಜ್ ಹೋಲಿಸಿ ನೋಡುತ್ತದೆ. ಒಂದು ಪದ ಹೆಚ್ಚುಕಮ್ಮಿಯಾದರೂ ಆ ಪ್ಯಾಕೇಜ್ ಬೇಡ ಎನ್ನುತ್ತದೆ.

ಹೀಗೆ ಮಾಡಿದರೆ ವೇಗ ಕಡಿಮೆಯಾಗುವುದಿಲ್ಲವೇ? ನನಗಂತೂ ಗೊತ್ತಾಗಲಿಲ್ಲ. ಜಿಲಿಬ್‌ಸಿ, ಓಪನ್‌ಎಸ್‌ಎಸ್‌ಎಲ್‌ನಂಥವು ಓಡುವಾಗಲೇ ಪ್ರೊಸೆಸರನ್ನು ನೋಡಿ ತಕ್ಕ ಕೋಡನ್ನು ಆರಿಸಿಕೊಳ್ಳುತ್ತವೆ. ಹದಿನಾಲ್ಕು ವರ್ಷದ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ನಿಧಾನವಾಗುವುದು ಎವಿಎಕ್ಸ್ ಇಲ್ಲ ಎಂಬ ಕಾರಣಕ್ಕಲ್ಲ.

ಭೀಮನಿಗಾದರೂ ಮಾರ್ಚ್ ನೇಟಿವ್ ಇರಲಿ ಎಂಬ ಆಸೆ ಬಿಡಲಿಲ್ಲ. ಆದ್ದರಿಂದ ಭೀಮನ ಒಳಗೇ ಬೇರೊಂದು ಜೆಂಟೂ ಕೂರಿಸಿದೆ: ಹೊಸ ಎಸ್‌ಎಸ್‌ಡಿಯಲ್ಲಿ ಒಂದು ಫೋಲ್ಡರ್, ಅದರಲ್ಲಿ ಡೆಸ್ಕ್‌ಟಾಪ್ ಓಪನ್‌ಆರ್‌ಸಿಯ ಸ್ಟೇಜ್3 (ಜೆಂಟೂದ ಬುನಾದಿ ಮೂಟೆ) ಬಿಚ್ಚಿ, ಪ್ರೊಕ್, ಸಿಸ್, ಡೆವ್ ಮೌಂಟ್ ಮಾಡಿ ಕ್ರೂಟ್. ಪ್ರೊಫೈಲ್ ಮಾತ್ರ ಎರಡು ಲ್ಯಾಪ್‌ಟಾಪ್‌ಗಳಲ್ಲಿರುವುದೇ ಆಗಿರಬೇಕು. ಇದಕ್ಕೆ ಅಡುಗೆಮನೆ ಎಂದೇ ಹೆಸರಿಟ್ಟೆ. ನಕುಲ, ಸಹದೇವ ಎರಡರ ವರ್ಲ್ಡ್ ಕಡತಗಳನ್ನು (ನಾವೇ ಕೇಳಿ ಹಾಕಿಸಿಕೊಂಡ ಪ್ಯಾಕೇಜುಗಳ ಪಟ್ಟಿ) ತಂದು, ಒಟ್ಟು ಮಾಡಿ, ಎರಡೆರಡು ಸಲ ಬಂದದ್ದನ್ನು ತೆಗೆದು ಅಡುಗೆಮನೆಯ ವರ್ಲ್ಡ್ ಆಗಿ ಇಟ್ಟೆ.

ಮೊದಲ ಪೂರ್ತಿ ಕಂಪೈಲ್‌ನಲ್ಲಿ ಕ್ಯೂಟಿ ವೆಬ್‌ಎಂಜಿನ್ ಬಿತ್ತು. ಸಿಸಿ1ಪ್ಲಸ್ ಕಿಲ್ಡ್ ಎಂದು ಲಾಗಿನಲ್ಲಿ, ಅಂದರೆ ಮೆಮೊರಿ ಸಾಲದೆ ಕಂಪೈಲರ್ ಸತ್ತಿದೆ. ಕಂಪೈಲ್ ಬೇಗ ಆಗಲೆಂದು ಪೋರ್ಟೇಜಿನ ತಾತ್ಕಾಲಿಕ ಫೋಲ್ಡರನ್ನು ರ‍್ಯಾಮಿನಲ್ಲಿ, 16 ಜಿಬಿ ಟೆಂಪ್‌ಎಫ್‌ಎಸ್ ಆಗಿ ಇಟ್ಟಿದ್ದೆ. ಮೇಕ್‌ಆಪ್ಟ್ಸ್‌ನಲ್ಲಿ ಜೆ 12, ಅಂದರೆ ಒಟ್ಟಿಗೆ 12 ಜಾಬ್. ಒಂದು ಜಾಬಿಗೆ 2 ಜಿಬಿ ಎಂಬುದು ಜೆಂಟೂ ಮಂದಿಯ ವಾಡಿಕೆ ಲೆಕ್ಕ, ಆ ಪ್ರಕಾರ 24. ಎರಡೂ ಸೇರಿ 40, ಇರುವುದು 32. ದೊಡ್ಡವುಗಳಿಗೆ ಪ್ಯಾಕೇಜ್ ಎನ್ವ್ ಕಡತದಲ್ಲಿ ಬೇರೆ ನಿಯಮ ಬರೆದೆ: ವೆಬ್‌ಎಂಜಿನ್, ರಸ್ಟ್, ಎಲ್‌ಎಲ್‌ವಿಎಂ, ಲಿಬ್ರೆಆಫೀಸ್ ಈ ನಾಲ್ಕು ಎಸ್‌ಎಸ್‌ಡಿಯ ಮೇಲೆ, ಜೆ 8ರಲ್ಲಿ. ಆಮೇಲೆ ಬೀಳಲಿಲ್ಲ.

ಕರೆಂಟಿನ ವಿಷಯವನ್ನೂ ಹೇಳಬೇಕು. ನಮ್ಮದು ಸಾಗರ. ಮಳೆಗಾಲದಲ್ಲಿ ಮರ ತಂತಿ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆಂದು ಲೈನ್‌ಮ್ಯಾನ್‌ಗೂ ಗೊತ್ತಿರುವುದಿಲ್ಲ. ಯುಪಿಎಸ್ ಹತ್ತು ನಿಮಿಷ ತಡೆಯುತ್ತದೆ, ಅಷ್ಟರಲ್ಲಿ ಶಟ್‌ಡೌನ್ ಮಾಡಬೇಕು. ಅಡುಗೆಮನೆಯಲ್ಲಿ ಎಮರ್ಜ್‌ಗೆ ಬಿಲ್ಡ್‌ಪಿಕೆಜಿ ಜೊತೆ ಯೂಸ್‌ಪಿಕೆಜಿಯನ್ನೂ ಕೊಟ್ಟಿದ್ದೇನೆ. ಈಗಾಗಲೇ ಬೆಂದ ಪ್ಯಾಕೇಜ್ ಕ್ಯಾಶ್‌ನಲ್ಲಿ ಇರುತ್ತದೆ, ಕರೆಂಟ್ ಬಂದ ಮೇಲೆ ಅದನ್ನೇ ಎತ್ತಿಕೊಂಡು ಮುಂದೆ ಹೋಗುತ್ತದೆ. ಅರ್ಧ ಬೆಂದ ಒಂದೇ ಒಂದು ಮಾತ್ರ ಹೊಸದಾಗಿ ಶುರು.

ಹಂತ 3: ಲಕ್ಷ್ಮಿ ಒಡೆದುಹೋದದ್ದು

ಸಹದೇವನಿಗೆ ದೊಡ್ಡ ಜಿ ಕೊಟ್ಟಿದ್ದೆ, ಅದರಲ್ಲಿ ಕಂಪೈಲ್ ಆಗಲೇಬಾರದು ಎಂದು. ವಾರಗಟ್ಟಲೆ ಯಾವ ದೂರೂ ಇಲ್ಲ. ನವೆಂಬರಿನಲ್ಲಿ ಫೋನ್ ಬಂತು.

"ಮಾಮಾ, ಸರ್ಟಿಫಿಕೇಟಲ್ಲಿ ಹೆಸರೆಲ್ಲ ಒಡ್ದು ಬರ್ತಿದೆ. ಲಕ್ಷ್ಮಿ ಅಂತ ಕೊಟ್ರೆ ಲಕ್‌ಷ್‌ಮಿ ಅಂತ ಬರತ್ತೆ."

"ಫಾಂಟ್ ಬದಲಾಯಿಸಿದ್ಯೇನೆ?"

"ಇಲ್ಲ, ಹೋದ ವರ್ಷ ಕೊಟ್ಟಿದ್ದೇ ಅದು. ಅಪ್‌ಡೇಟ್ ಆದ್ಮೇಲೆ ಹಿಂಗಾಗಿರೋದು. ನಾಳೆನೇ ಕಾಲೇಜಲ್ಲಿ ರಾಜ್ಯೋತ್ಸವ, ಬೇಗ ನೋಡು ಮಾರಾಯ."

ಅವಳ ಕಾಲೇಜಿನ ಸ್ಪರ್ಧೆಗಳಿಗೆ ಒಂದು ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಹೆಸರುಗಳ ಪಟ್ಟಿ ಕೊಟ್ಟರೆ ಚಿತ್ರ ಮಾಡುವ ಇಮೇಜ್‌ಮ್ಯಾಜಿಕ್ ಬಳಸಿ ಪ್ರಮಾಣಪತ್ರ ಮಾಡಿಕೊಡುತ್ತದೆ. ಕನ್ನಡದ ಒತ್ತಕ್ಷರ ಸರಿಯಾಗಿ ಕೂರಬೇಕೆಂದರೆ ಇಮೇಜ್‌ಮ್ಯಾಜಿಕ್ ಪ್ಯಾಂಗೊ (ಅಕ್ಷರ ಜೋಡಿಸುವ ಲೈಬ್ರರಿ) ಫ್ಲ್ಯಾಗ್ ಇಟ್ಟುಕೊಂಡು ಕಂಪೈಲ್ ಆಗಿರಬೇಕು. ಪ್ಯಾಂಗೊ ಸಿಗದಿದ್ದರೆ ಸಾದಾ ಲೇಬಲ್ ಬಳಸು ಎಂದು ಸ್ಕ್ರಿಪ್ಟಿನಲ್ಲಿ ಒಂದು ಸಾಲಿತ್ತು, ಆದ್ದರಿಂದ ಎರರ್ ಏನೂ ಬರದೆ ಅಕ್ಷರಗಳು ಸುಮ್ಮನೆ ಸಾಲಾಗಿ ನಿಂತವು. ಸಹದೇವನ ಪ್ಯಾಕೇಜ್ ಯೂಸ್ ಕಡತದಲ್ಲಿ ಪ್ಯಾಂಗೊ ಇದೆ. ಅಡುಗೆಮನೆಯಲ್ಲಿ ಇರಲಿಲ್ಲ. ವರ್ಲ್ಡ್ ಕಡತಗಳನ್ನು ಒಟ್ಟು ಮಾಡಿದಾಗ ಫ್ಲ್ಯಾಗ್ ಕಡತಗಳು ಹಾಗೇ ಉಳಿದಿದ್ದವು.

ಫ್ಲ್ಯಾಗ್ ಹೊಂದದಿದ್ದರೆ ಪೋರ್ಟೇಜ್ ಪ್ಯಾಕೇಜನ್ನು ತಿರಸ್ಕರಿಸುತ್ತದೆ ಎಂದು ಮೇಲೆ ಹೇಳಿದ್ದೆನಲ್ಲ, ಅದಕ್ಕೊಂದು ಅಪವಾದವಿದೆ. ಫ್ಲ್ಯಾಗ್ ಹೋಲಿಸುವ ಆಯ್ಕೆಯ ಹೆಸರು ಬಿನ್‌ಪಿಕೆಜಿ ರೆಸ್ಪೆಕ್ಟ್ ಯೂಸ್. ಸಣ್ಣ ಜಿಯಲ್ಲಿ ಅದು ತಾನಾಗಿ ಚಾಲೂ ಇರುತ್ತದೆ. ದೊಡ್ಡ ಜಿಯಲ್ಲಿ ಚಾಲೂ ಇರುವುದಿಲ್ಲ. ಸಿದ್ಧವಾದದ್ದೇ ಬೇಕು ಎಂದು ಹಠ ಹಿಡಿದವನಿಗೆ ಸಿಕ್ಕಿದ್ದನ್ನು ಕೊಡುತ್ತದೆ, ತುಟಿ ಪಿಟಕ್ ಎನ್ನದೆ. ಇದೇ ಇಮೇಜ್‌ಮ್ಯಾಜಿಕ್‌ಗೆ ಸಣ್ಣ ಜಿ ಕೊಟ್ಟು ನೋಡಿದರೆ, ಫ್ಲ್ಯಾಗ್ ಹೊಂದದ ಪ್ಯಾಕೇಜುಗಳನ್ನು ಬಿಟ್ಟಿದ್ದೇನೆ ಎಂದು ಉದ್ದದ ಪಟ್ಟಿ ಹಾಕಿ ಕಂಪೈಲ್‌ಗೆ ಇಳಿಯಿತು.

ಸರಿಪಡಿಸಿದ್ದು ಎರಡು ರೀತಿಯಲ್ಲಿ. ಎಮರ್ಜ್ ಡೀಫಾಲ್ಟ್ ಆಪ್ಟ್ಸ್ ಸಾಲಿನಲ್ಲಿ ರೆಸ್ಪೆಕ್ಟ್ ಯೂಸ್‌ಗೆ ವೈ ಎಂದು ಕೈಯಾರೆ ಬರೆದೆ. ಈಗ ದೊಡ್ಡ ಜಿಯಲ್ಲೂ ಫ್ಲ್ಯಾಗ್ ಹೊಂದದಿದ್ದರೆ ಸಿದ್ಧ ಪ್ಯಾಕೇಜ್ ಇಲ್ಲ ಎಂದು ನಿಲ್ಲುತ್ತದೆ. ನಿಲ್ಲುವುದೇ ಒಳ್ಳೆಯದು. ಎರಡನೆಯದಾಗಿ, ಮೂರು ಕಡೆಯ ಪೋರ್ಟೇಜ್ ಸೆಟ್ಟಿಂಗ್ ಫೋಲ್ಡರನ್ನು ಒಂದೇ ಗಿಟ್ ರೆಪೊಸಿಟರಿಗೆ ಹಾಕಿದೆ. ಪ್ಯಾಕೇಜ್ ಯೂಸ್ ಈಗ ಒಂದೇ ಕಡತ. ನಕುಲನಿಗೆ ಬೇಡದ ಫ್ಲ್ಯಾಗ್ ಬಂದರೂ ಬರಲಿ, ಒಂದೆರಡು ಎಂಬಿ ಹೋಗುತ್ತದೆ ಅಷ್ಟೇ.

ಸರ್ಟಿಫಿಕೇಟ್ ಆ ರಾತ್ರಿಯೇ ಆಯಿತು. ಪ್ಯಾಂಗೊ ಸಿಗದಿದ್ದರೆ ಎಂಬ ಸಾಲನ್ನು ಸ್ಕ್ರಿಪ್ಟಿನಿಂದ ಕಿತ್ತು ಹಾಕಿದ್ದೇನೆ.

ಹಂತ 4: ಬಡಿಸುವ ದಾರಿ

ಪ್ಯಾಕೇಜ್ ಫೋಲ್ಡರನ್ನು ಎನ್‌ಎಫ್‌ಎಸ್‌ನಲ್ಲಿ (ಒಂದು ಯಂತ್ರದ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ಇನ್ನೊಂದರಲ್ಲಿ ತೋರಿಸುವ ವ್ಯವಸ್ಥೆ) ಹಂಚಿದರೆ ಡೌನ್‌ಲೋಡೇ ಬೇಡವಲ್ಲ ಎಂದು ನಡುವೆ ಅದನ್ನೂ ನೋಡಿದೆ. ಬೇಡ. ಸಹದೇವ ವೈಫೈನಲ್ಲಿ ಇರುತ್ತದೆ. ಅದನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದರೆ ಸಂಪರ್ಕ ಕಡಿದು ಎಮರ್ಜ್ ಕಲ್ಲಾಗಿ ಕೂರುತ್ತದೆ, ಕಿಲ್ ಕೊಟ್ಟರೂ ಏಳುವುದಿಲ್ಲ. ಮೇಲಾಗಿ ನಕುಲನಲ್ಲೂ ಬಿಲ್ಡ್‌ಪಿಕೆಜಿ ಚಾಲೂ ಇದ್ದು, ಅದು ಭೀಮ ಬರೆಯುತ್ತಿದ್ದ ಹೊತ್ತಿನಲ್ಲೇ ಪ್ಯಾಕೇಜಸ್ ಎಂಬ ಸೂಚಿ ಕಡತವನ್ನು ಬರೆಯಲು ಹೋಯಿತು. ಸೂಚಿ ಕೆಟ್ಟರೆ ಫೋಲ್ಡರಿನಲ್ಲಿ ಕಡತ ಇದ್ದೂ ಕಾಣುವುದಿಲ್ಲ. ಇಮೈಂಟ್‌ಗೆ ಬಿನ್‌ಹೋಸ್ಟ್ ಫಿಕ್ಸ್ ಎಂದು ಹೇಳಿದರೆ ಕಡತಗಳನ್ನೆಲ್ಲ ಓದಿ ಸೂಚಿಯನ್ನು ಹೊಸದಾಗಿ ಬರೆಯುತ್ತದೆ, ಈ ಒಂದು ಕಮಾಂಡ್ ನೆನಪಿಟ್ಟುಕೊಳ್ಳಿ. ಎನ್‌ಎಫ್‌ಎಸ್ ತೆಗೆದು ಎಂಜಿನ್‌ಎಕ್ಸ್ ವೆಬ್ ಸರ್ವರ್ ಹಾಕಿದೆ. ಫೋಲ್ಡರ್ ತೋರಿಸುವ ಹತ್ತು ಸಾಲಿನ ಸೆಟ್ಟಿಂಗ್. ಬರೆಯುವ ಹಕ್ಕು ಅಡುಗೆಮನೆಗೆ ಮಾತ್ರ.

ಇಂಟರ್ನೆಟ್ ಕಂಪನಿ ಕೊಟ್ಟ ರೂಟರಿನ ಪೋರ್ಟುಗಳು 100 ಎಂಬಿಪಿಎಸ್‌ನವು. ಸೆಕೆಂಡಿಗೆ 11 ಎಂಬಿ ಮೀರುತ್ತಿರಲಿಲ್ಲ. ಗಿಗಾಬಿಟ್ ಸ್ವಿಚ್ ನಡುವೆ ಹಾಕಿದ ಮೇಲೆ ನಕುಲನಲ್ಲಿ 110ರ ಹತ್ತಿರ ಬಂತು. ಖರ್ಚು: 5 ಪೋರ್ಟಿನ ಸ್ವಿಚ್ 1,150 ರೂಪಾಯಿ, ಕೇಬಲ್ ಎರಡು ತುಂಡು 400, ಸಹದೇವನಿಗೆ ಯುಎಸ್‌ಬಿ ಲ್ಯಾನ್ ಅಡಾಪ್ಟರ್ 800, ಅಡುಗೆಮನೆಗೆ 480 ಜಿಬಿ ಎಸ್‌ಎಸ್‌ಡಿ 2,850. ಒಟ್ಟು 5,200. ಅಡಾಪ್ಟರ್ ದಂಡ, ಹುಡುಗಿ ಅದನ್ನು ಡ್ರಾವರಿನಿಂದ ತೆಗೆಯುವುದೇ ಇಲ್ಲ.

ಅಧಿಕೃತ ಸರ್ವರನ್ನೂ ಎರಡನೆಯ ಮೂಲವಾಗಿ ಇಟ್ಟುಕೊಂಡಿದ್ದೇನೆ, ಭೀಮನಿಗೆ ದೊಡ್ಡ ಆದ್ಯತೆ ಸಂಖ್ಯೆ, ಅವರಿಗೆ ಸಣ್ಣದು. ಇಲ್ಲಿ ಸಹಿಯ ತಕರಾರು ಬಂತು. ಅವರ ಪ್ಯಾಕೇಜುಗಳಿಗೆ ಜಿಪಿಜಿ ಸಹಿ ಇರುತ್ತದೆ, ಗೆಟುಟೊ ಎಂಬ ಕಮಾಂಡ್ ಅವರ ಕೀಲಿಗಳನ್ನು ತಂದು ಇಡುತ್ತದೆ. ಸಹಿ ಕಡ್ಡಾಯ ಎಂಬ ಫೀಚರ್ ಹಾಕಿದ ಕೂಡಲೇ ಸಹಿಯಿಲ್ಲದ ನನ್ನ ಸ್ವಂತ ಪ್ಯಾಕೇಜುಗಳು ಹೊರಗೆ ನಿಂತವು. ಅಡುಗೆಮನೆಯಲ್ಲಿ ಒಂದು ಕೀಲಿ ಹುಟ್ಟಿಸಿ, ಬಿನ್‌ಪಿಕೆಜಿ ಸೈನಿಂಗ್ ಚಾಲೂ ಮಾಡಿ, ಕೀಲಿಯ ಸಾರ್ವಜನಿಕ ಭಾಗವನ್ನು ಎರಡು ಲ್ಯಾಪ್‌ಟಾಪ್‌ಗಳ ಪೋರ್ಟೇಜ್ ಕೀಲಿಗೊಂಚಲಿಗೆ ಸೇರಿಸಿದೆ. ಸೇರಿಸಿದರಷ್ಟೇ ಸಾಲದು, ಗೆಟುಟೊ ಅಲ್ಲಿ ಮಾಡಿಟ್ಟಿರುವ ಸ್ಥಳೀಯ ಕೀಲಿಯಿಂದ ಅದಕ್ಕೆ ಸಹಿ ಹಾಕಿ ನಂಬಿಕೆಯನ್ನೂ ಕೊಡಬೇಕು. ಅದನ್ನು ಮಾಡುವವರೆಗೆ ಸಹಿ ಸರಿಯಿದೆ, ಆದರೆ ನಂಬಿಕೆ ಇಲ್ಲ ಎಂದು ನಿರಾಕರಿಸುತ್ತಲೇ ಇತ್ತು. ಹಳೆಯ ಸಹಿಯಿಲ್ಲದ ಪ್ಯಾಕೇಜುಗಳನ್ನು ಅಳಿಸಿ ಮತ್ತೆ ಬೇಯಿಸಿದೆ.

ಹಂತ 5: ಮರವೂ ಒಂದೇ ಆಗಿರಬೇಕು

ಇಬಿಲ್ಡ್ ಮರವನ್ನು (ಯಾವ ಪ್ಯಾಕೇಜನ್ನು ಹೇಗೆ ಕಟ್ಟಬೇಕೆಂದು ಹೇಳುವ ಕಡತಗಳ ಸಂಗ್ರಹ) ಮೂರೂ ಯಂತ್ರಗಳು ತಮಗೆ ತೋಚಿದ ದಿನ ಸಿಂಕ್ ಮಾಡುತ್ತಿದ್ದವು. ಅಡುಗೆಮನೆ ಭಾನುವಾರ ಬೇಯಿಸಿದರೆ, ನಕುಲ ಬುಧವಾರ ಸಿಂಕ್ ಮಾಡಿಕೊಂಡು ಅಷ್ಟರಲ್ಲಿ ಬಂದ ಹೊಸ ಆವೃತ್ತಿ ಕೇಳುತ್ತದೆ. ಭೀಮನ ಬಳಿ ಅದು ಇಲ್ಲ. ಸಣ್ಣ ಜಿ ಆದ್ದರಿಂದ ಎರಡು ಕೋರಿನಲ್ಲಿ ಎಲ್‌ಎಲ್‌ವಿಎಂ ಕಂಪೈಲ್‌ಗೆ ಕೂತಿದ್ದು ನೋಡಿಯೇ ನನಗೆ ಗೊತ್ತಾದದ್ದು. ಈಗ ಭೀಮನಲ್ಲಿ ಆರ್‌ಸಿಂಕ್ ಸೇವೆ ಓಡುತ್ತದೆ, ಎರಡೂ ಲ್ಯಾಪ್‌ಟಾಪ್‌ಗಳು ಮರವನ್ನು ಅಲ್ಲಿಂದಲೇ ತರುತ್ತವೆ. ಆರ್‌ಸಿಂಕ್ ತೋರಿಸುವುದು ಅಡುಗೆಮನೆಯ ಮರದ ಒಂದು ಪ್ರತಿಯನ್ನು, ಆ ಪ್ರತಿ ಬದಲಾಗುವುದು ಪೂರ್ತಿ ಕಂಪೈಲ್ ಯಶಸ್ವಿಯಾಗಿ ಮುಗಿದ ಮೇಲೆ ಮಾತ್ರ. ಹೀಗಾಗಿ ಬೇಯದ ಆವೃತ್ತಿಯ ಹೆಸರೇ ಲ್ಯಾಪ್‌ಟಾಪ್‌ಗಳ ಕಿವಿಗೆ ಬೀಳುವುದಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ನೆಮ್ಮದಿ ಕೊಟ್ಟ ಬದಲಾವಣೆ ಇದು.

ಒಂದು ಲಾಭ ನಿರೀಕ್ಷಿಸಿರಲಿಲ್ಲ. ಸಿದ್ಧ ಪ್ಯಾಕೇಜ್ ಹಾಕುವಾಗ ಅದನ್ನು ಕಟ್ಟಲು ಮಾತ್ರ ಬೇಕಾಗುವ ಸಾಮಾನುಗಳನ್ನು ಪೋರ್ಟೇಜ್ ಎಳೆದುಕೊಳ್ಳುವುದಿಲ್ಲ. ಸಹದೇವನಲ್ಲಿ ಬೇಡದ ಪ್ಯಾಕೇಜ್ ತೆಗೆಯುವ ಡೆಪ್‌ಕ್ಲೀನ್‌ಗೆ ವಿತ್ ಬಿಡೆಪ್ಸ್ ಎನ್ ಕೊಟ್ಟಾಗ ರಸ್ಟ್, ಸಿಮೇಕ್, ಮೆಸಾನ್ ಎಲ್ಲ ಗಂಟುಮೂಟೆ ಕಟ್ಟಿದವು. 64 ಜಿಬಿ ಇಎಂಎಂಸಿಯಲ್ಲಿ ಹಲವು ಜಿಬಿ ಬಿಡುಗಡೆ.

ಅಡುಗೆಮನೆ ಕಡೆ ಇದರ ಉಲ್ಟಾ. ಒಂದೇ ಆವೃತ್ತಿಯನ್ನು ಬೇರೆ ಫ್ಲ್ಯಾಗಿನಲ್ಲಿ ಮತ್ತೆ ಬೇಯಿಸಿದರೆ ಹಳೆಯದು ಹೋಗದೆ ಪಕ್ಕದಲ್ಲಿ 1, 2 ಎಂಬ ಬಿಲ್ಡ್ ಸಂಖ್ಯೆಯೊಂದಿಗೆ ಉಳಿಯುತ್ತದೆ, ಎಸ್‌ಎಸ್‌ಡಿ ತುಂಬುತ್ತದೆ. ಇಕ್ಲೀನ್ ಪಿಕೆಜಿ ಓಡಿಸಿದರೆ ಮರದಲ್ಲಿ ಇಲ್ಲದ ಆವೃತ್ತಿಗಳು ಹೋಗುತ್ತವೆ. ಡೀಪ್ ಎಂಬ ಆಯ್ಕೆ ಇನ್‌ಸ್ಟಾಲ್ ಆಗಿರದ ಎಲ್ಲವನ್ನೂ ಅಳಿಸುತ್ತದೆ, ಆದ್ದರಿಂದ ಅದನ್ನು ಕ್ರೂಟ್ ಒಳಗೇ ಓಡಿಸಬೇಕು. ಹೊರಗೆ, ಭೀಮನ ಸ್ವಂತ ಸಿಸ್ಟಮಿನಲ್ಲಿ ನಿಂತು ಆ ಫೋಲ್ಡರನ್ನು ತೋರಿಸಿ ಓಡಿಸಿದರೆ, ಭೀಮನಲ್ಲಿ ಇಲ್ಲ ಎಂಬ ಕಾರಣಕ್ಕೆ ಲ್ಯಾಪ್‌ಟಾಪ್‌ಗಳ ಅರ್ಧ ಸರಕು ಹಾರಿಹೋಗುತ್ತದೆ.

ಈಗಿನ ಸ್ಥಿತಿ: ಶನಿವಾರ ರಾತ್ರಿ ಅಡುಗೆಮನೆ ಸಿಂಕ್ ಮಾಡಿಕೊಂಡು ಬೇಯಿಸುತ್ತದೆ, ಭಾನುವಾರ ಕಾಫಿ ಹೊತ್ತಿಗೆ ಲಾಗ್ ನೋಡುತ್ತೇನೆ. ನಕುಲನ ವಾರದ ಅಪ್‌ಡೇಟ್ ಕಾಲು ಗಂಟೆಯೊಳಗೆ ಮುಗಿಯುತ್ತದೆ. ಸಹದೇವನದ್ದು ಇನ್ನೂ ನಿಧಾನ, ಇಎಂಎಂಸಿಗೆ ಬರೆಯುವ ವೇಗವೇ ಅಷ್ಟು. ಕರ್ನಲ್ ಸಹ ಇದೇ ದಾರಿಯಲ್ಲಿ ಬರುತ್ತದೆ, ಜೆಂಟೂ ಕರ್ನಲ್ ಪ್ಯಾಕೇಜನ್ನು ಒಮ್ಮೆ ಬೇಯಿಸಿ ಎರಡಕ್ಕೂ. ಮೂಲ ಕೋಡಿನ ಸೋರ್ಸಸ್ ಪ್ಯಾಕೇಜುಗಳನ್ನು, ಹೆಸರಿಗಷ್ಟೇ ಇರುವ ವರ್ಚುವಲ್‌ಗಳನ್ನು ಬಿಲ್ಡ್‌ಪಿಕೆಜಿ ಎಕ್ಸ್‌ಕ್ಲೂಡ್ ಪಟ್ಟಿಗೆ ಹಾಕಿದ್ದೇನೆ, ಅವನ್ನು ಮೂಟೆ ಕಟ್ಟಿ ಇಡುವುದರಲ್ಲಿ ಅರ್ಥವಿಲ್ಲ.

ಭಾವನ ಮನೆಯಿಂದ ಹ್ಯಾಸ್‌ವೆಲ್ ಐ5 ಇರುವ ಒಂದು ಆಪ್ಟಿಪ್ಲೆಕ್ಸ್ ಬರುವುದಿದೆ. ಅದಕ್ಕೆ ವಿ3 ಓಡುತ್ತದೆ. ಅದೊಂದಕ್ಕಾಗಿ ಎರಡನೆಯ ಅಡುಗೆಮನೆ ಹೂಡುವ ಯೋಚನೆ ಇಲ್ಲ. ಭಾವನಿಗೆ ಬೇಕಾದದ್ದು ಬ್ರೌಸರ್, ಲಿಬ್ರೆಆಫೀಸ್, ಕನ್ನಡ ಟೈಪಿಂಗ್‌ಗೆ ಐಬಸ್. ಫ್ಲ್ಯಾಗುಗಳು ಪ್ರೊಫೈಲಿನಲ್ಲಿ ಬಂದ ಹಾಗೇ ಇರುತ್ತವೆ. ಜೆಂಟೂದವರು ಎಕ್ಸ್86-64-ವಿ3ಕ್ಕೂ ಸಿದ್ಧ ಪ್ಯಾಕೇಜ್ ಇಟ್ಟಿದ್ದಾರೆ, ಅದನ್ನೇ ನೇರ ತೋರಿಸುತ್ತೇನೆ.